ಕೈಗೆ ಸಿಗದ ಎಲೆಗೆ ಕೊಟ್ಟ ಕಾಸು

ಕಾಸು ಕೊಟ್ಟಮೇಲೆ ಕೈಗೆ ಏನಾದರೊಂದು ಬರಬೇಕೆಂಬುದು ನಮ್ಮ ಕರಾವಳಿಯ ಮನೆಗಳ ಹಳೆಯ ಲೆಕ್ಕಾಚಾರ. ಹೊನ್ನಾವರದಿಂದ ಕುಮಟೆಗೆ ಹೋಗುವ ಹೆದ್ದಾರಿಯ ಮೇಲಿರುವ ನಮ್ಮ ಹಳದೀಪುರದಲ್ಲಿ ಇಂದಿಗೂ ಮೀನು ಕೊಳ್ಳುವ ಗೃಹಿಣಿ ಕಿವಿರನ್ನು ಎತ್ತಿ ನೋಡುತ್ತಾಳೆ. ತೆಂಗಿನಕಾಯಿ ಕೊಳ್ಳುವ ಗೃಹಸ್ಥ ಅದನ್ನು ಕಿವಿಯ ಬಳಿ ಹಿಡಿದು ಅಲುಗಿಸಿ ನೀರಿನ ಸದ್ದು ಕೇಳುತ್ತಾನೆ. ಇಂಥ ಊರಿನ ಹುಡುಗರು ಈಗ ಒಂದು ಹೊಸ ಪದಾರ್ಥವನ್ನು ಕೊಳ್ಳತೊಡಗಿದ್ದಾರೆ. ಅದನ್ನು ಎತ್ತಿ ನೋಡುವಂತಿಲ್ಲ, ಅಲುಗಿಸಿ ಕೇಳುವಂತಿಲ್ಲ. ಇಸ್ಪೀಟಿನ ಎಲೆಯಂಥದೇ ಒಂದು ಎಲೆ ಅದು, ಆದರೆ ಕಾಗದದ್ದಲ್ಲ. ಮೊಬೈಲಿನ ಗಾಜಿನ ಹಿಂದೆ ಮಾತ್ರ ಅದರ ವಾಸ. ಅದನ್ನು ಮಾರುವ ಕಂಪನಿ ದೂರದ ಯಾವುದೋ ದೇಶದಲ್ಲಿರುತ್ತದೆ. ಹಣ ಮಾತ್ರ ಇಲ್ಲಿಂದ ಅರೆನಿಮಿಷದಲ್ಲಿ ಅಲ್ಲಿಗೆ ಹೋಗಿ ಸೇರುತ್ತದೆ.

ಇದು ತಕ್ಕ ವ್ಯಯವೆ? ಈ ಪ್ರಶ್ನೆಗೆ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. "ಇಲ್ಲದ ವಸ್ತುವಿಗೆ ದುಡ್ಡು ಸುರಿಯುವುದು ಹುಚ್ಚು" ಎಂದು ಹಿರಿಯರು. "ನನ್ನ ದುಡ್ಡು, ನನ್ನ ಸಂತೋಷ, ನಿಮಗೇನು?" ಎಂದು ಕಿರಿಯರು. ಎರಡೂ ಅವಸರದ ಉತ್ತರಗಳೆಂದು ನನಗೆ ತೋರುತ್ತದೆ. ಪ್ರಶ್ನೆ ಹುಡುಗಾಟಿಕೆಯದಾಗಿ ಕಂಡರೂ ಅದರೊಳಗೆ ವಸ್ತು ಎಂದರೇನು, ಒಡೆತನ ಎಂದರೇನು, ಆಟ ಎಂದರೇನು ಎಂಬ ಹಳೆಯ ಪ್ರಶ್ನೆಗಳು ಅಡಗಿಕೊಂಡಿವೆ. ವಾಚಕರು ಕೊಂಚ ತಾಳ್ಮೆ ವಹಿಸುವುದಾದರೆ ಅವನ್ನು ಒಂದೊಂದಾಗಿ ನೋಡೋಣ.

ಮೊದಲು ಆಟದ ಪರಿಚಯವಾಗಬೇಕು. ನಮ್ಮ ಇಸ್ಪೀಟಿನಲ್ಲಿ ಎಲೆಗಳು ೫೨. ಕಟ್ಟನ್ನು ಯಾರು ಕೊಂಡು ತಂದರೂ ಎಲೆಗಳು ಅವೇ. ಜಮಖಾನೆಯ ಮೇಲೆ ಕುಳಿತವರೆಲ್ಲರಿಗೂ ಸಮವಾಗಿ ಹಂಚಿಕೆ. ೧೯೯೩ರಲ್ಲಿ ಅಮೆರಿಕೆಯ ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತಜ್ಞ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟವನ್ನು ಹೊರತಂದು ಈ ಪದ್ಧತಿಯನ್ನು ತಲೆಕೆಳಗು ಮಾಡಿದ. ಅದರಲ್ಲಿ ನೂರಾರು ಬಗೆಯ ಎಲೆಗಳು; ಒಂದೊಂದಕ್ಕೂ ಒಂದೊಂದು ಶಕ್ತಿ. ಅವು ಮುಚ್ಚಿದ ಪೊಟ್ಟಣಗಳಲ್ಲಿ ಮಾರಾಟವಾಗುತ್ತವೆ. ಒಳಗೇನಿದೆ ಎಂಬುದು ಒಡೆದ ಮೇಲೆಯೇ ತಿಳಿಯುವ ಸಂಗತಿ. ಆಡುವವನು ತನಗೆ ದೊರೆತ ಎಲೆಗಳಿಂದ ತನ್ನದೇ ಒಂದು ಕಟ್ಟನ್ನು ಸಜ್ಜುಗೊಳಿಸಿಕೊಂಡು ಬರುತ್ತಾನೆ. ಎದುರಾಳಿ ತನ್ನದನ್ನು ತರುತ್ತಾನೆ. ಬೇಡದ ಎಲೆಯನ್ನು ಗೆಳೆಯನಿಗೆ ಕೊಟ್ಟು ಬೇಕಾದುದನ್ನು ಪಡೆಯಬಹುದು. ಹೀಗೆ ಸಂಗ್ರಹ, ವಿನಿಮಯ, ಯುದ್ಧ ಮೂರೂ ಒಂದೇ ಆಟದಲ್ಲಿ ಕೂಡಿದವು. ಆಟ ಜಗತ್ತಿಗೆ ಹಿಡಿಸಿತು.

೨೦೦೨ರಲ್ಲಿ ಇದೇ ಆಟ ಅಂತರಜಾಲಕ್ಕೆ ಬಂದಿತು. ಮುಂದೆ ೨೦೧೪ರಲ್ಲಿ 'ಹಾರ್ತ್‌ಸ್ಟೋನ್', ೨೦೧೬ರಲ್ಲಿ 'ಕ್ಲಾಶ್ ರಾಯಲ್', ೨೦೨೪ರಲ್ಲಿ 'ಪೊಕೆಮಾನ್ ಟಿಸಿಜಿ ಪಾಕೆಟ್' ಎಂದು ಈ ವಂಶ ಬೆಳೆಯಿತು. ಇವುಗಳಲ್ಲಿ ಪ್ರವೇಶಕ್ಕೆ ಕಾಸಿಲ್ಲ. ಪೊಕೆಮಾನ್ ಆಟದಲ್ಲಿ ದಿನಕ್ಕೆ ಎರಡು ಪೊಟ್ಟಣಗಳನ್ನು ಬಿಟ್ಟಿಯಾಗಿಯೇ ಒಡೆಯಬಹುದು. ಒಂದೊಂದರಲ್ಲಿ ಐದೈದು ಎಲೆಗಳು. ಇನ್ನೂ ಬೇಕೆಂದರೆ ನಾಳೆಯ ತನಕ ಕಾಯಬೇಕು, ಇಲ್ಲವೆ ಕಾಸು ಬಿಚ್ಚಬೇಕು. ಆ ಕಾಸೂ ನೇರವಾಗಿ ಎಲೆಗೆ ಸಲ್ಲುವುದಿಲ್ಲ. ರೂಪಾಯಿ ಕೊಟ್ಟು ಆಟದೊಳಗಿನ ಚಿನ್ನವನ್ನೋ ರತ್ನವನ್ನೋ ಕೊಳ್ಳಬೇಕು. ಆ ಚಿನ್ನದಿಂದ ಪೊಟ್ಟಣವನ್ನು ಪಡೆಯಬೇಕು. ರೂಪಾಯಿ ಎರಡು ಸಲ ವೇಷ ಬದಲಿಸಿ ರಂಗಕ್ಕೆ ಬರುವಷ್ಟರಲ್ಲಿ ಎಷ್ಟು ಖರ್ಚಾಯಿತೆಂಬ ಅರಿವು ಮಸುಕಾಗಿರುತ್ತದೆ. ೨೦೧೬ರಲ್ಲಿ ಯುಪಿಐ ಬಂದಮೇಲಂತೂ ಕಿಸೆಯಿಂದ ನೋಟು ತೆಗೆದು ಎಣಿಸುವ ಆ ಒಂದು ಕ್ಷಣದ ತಡೆಯೂ ಇಲ್ಲದಾಯಿತು.

ಇನ್ನು ಹಿರಿಯರ ಆಕ್ಷೇಪಕ್ಕೆ ಬರೋಣ. ವಸ್ತುವೇ ಇಲ್ಲ ಎಂಬುದು ಅವರ ಮುಖ್ಯ ದೂರು. ಆದರೆ ಇದೇ ಹಿರಿಯರು ಡೇರೆಮೇಳದ ಆಟಕ್ಕೆ ಟಿಕೀಟು ಕೊಂಡು ರಾತ್ರಿಯೆಲ್ಲ ಕುಳಿತವರಲ್ಲವೆ? ಬೆಳಗಾದಾಗ ಅವರ ಕೈಯಲ್ಲಿ ಉಳಿದದ್ದೇನು? ಹರಿದ ಟಿಕೀಟಿನ ಚೂರು, ಕೆಂಪಾದ ಕಣ್ಣು. ನಮ್ಮ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟಗಳನ್ನು ಕಂಡವರು ಯಾರೂ ತಮ್ಮ ಹಣ ಗಾಳಿಗೆ ಹೋಯಿತೆಂದು ಕೊರಗಿದ್ದನ್ನು ನಾನು ಕೇಳಿಲ್ಲ. ಚೆನ್ನೆಮಣೆಯನ್ನು ತೆಗೆದುಕೊಳ್ಳಿ. ಅದರ ಗುಳಿಗಳಲ್ಲಿ ಓಡಾಡುವ ಬೀಜಗಳಿಗೆ ಸಂತೆಯಲ್ಲಿ ಏನೂ ಬೆಲೆಯಿಲ್ಲ. ಮಣೆಯ ಮುಂದೆ ಕುಳಿತ ಇಬ್ಬರಿಗೆ ಮಾತ್ರ, ಕುಳಿತಿರುವಷ್ಟು ಹೊತ್ತು ಮಾತ್ರ, ಒಂದು ಬೀಜ ಹೆಚ್ಚೋ ಕಡಮೆಯೋ ಎಂಬುದು ದೊಡ್ಡ ಸಂಗತಿ. ಇಸ್ಪೀಟಿನ ಆಸು ಕೂಡ ಬರಿಯ ಕಾಗದವೇ. ಅದನ್ನು ರಾಜನಿಗಿಂತ ಮೇಲೆಂದು ನಾವು ನಾವೇ ಒಪ್ಪಿಕೊಂಡಿದ್ದೇವೆ. ಆಟದ ಸಾಮಾನಿಗೆ ಬೆಲೆ ಬರುವುದು ಆಡುವವರ ಒಪ್ಪಿಗೆಯಿಂದ. ಆ ಒಪ್ಪಿಗೆ ಕಾಗದದ ಮೇಲೆ ಕುಳಿತರೇನು, ಗಾಜಿನ ಹಿಂದೆ ಕುಳಿತರೇನು? ಆದುದರಿಂದ ಎಲೆ ಕಣ್ಣಿಗಷ್ಟೇ ಕಾಣುತ್ತದೆ, ಕೈಗೆ ಸಿಗುವುದಿಲ್ಲ ಎಂಬ ಒಂದೇ ಕಾರಣದಿಂದ ಅದಕ್ಕೆ ಕೊಟ್ಟ ಕಾಸು ವ್ಯರ್ಥವೆನ್ನಲಾಗದು. ಈ ವಾದದಲ್ಲಿ ಕಿರಿಯರಿಗೆ ಜಯ.

ಆದರೆ ಒಡೆತನದ ಮಾತು ಬಂದಾಗ ಈ ಜಯ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಎಲೆಯ ಆಟಗಳು ನಮಗೆ ಹೊಸವಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಆಟದ ದೊಡ್ಡ ರಸಿಕರು; ತಾವೇ ಹೊಸ ಹೊಸ ಆಟಗಳನ್ನು ಕಲ್ಪಿಸಿದವರು. ಅವುಗಳಲ್ಲಿ ಕೆಲವಕ್ಕೆ ೩೬೦ ಎಲೆಗಳವರೆಗೂ ಬೇಕಾಗುತ್ತಿದ್ದವಂತೆ. ಚಿತ್ರಕಾರರು ಒಂದೊಂದು ಎಲೆಯನ್ನೂ ಕೈಯಿಂದ ಬರೆಯುತ್ತಿದ್ದರು. ೧೮೬೮ರಲ್ಲಿ ಆ ದೊರೆಗಳು ತೀರಿಕೊಂಡರು. ಆಡಿದವರು ಹೋದರು, ಆಟದ ನಿಯಮಗಳೂ ಬಹುಮಟ್ಟಿಗೆ ಮರೆತುಹೋದವು. ಆ ಕಾಲದ ಗಂಜೀಫಾ ಎಲೆಗಳು ಮಾತ್ರ ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಕಾಣಸಿಗುತ್ತವೆ. ಮೊಬೈಲಿನ ಎಲೆಯ ಕತೆ ಇದಕ್ಕೆ ತಿರುಗುಮುರುಗು. ಆಡುವವನು ಗಟ್ಟಿಯಾಗಿಯೇ ಇರುತ್ತಾನೆ; ಎಲೆ ತೀರಿಕೊಳ್ಳುತ್ತದೆ.

ಇದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ೨೦೨೦ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರ ೧೧೮ ಅಪ್ಲಿಕೇಶನ್‌ಗಳನ್ನು ನಿಷೇಧಿಸಿದಾಗ ಅವುಗಳಲ್ಲಿ 'ಪಬ್‌ಜಿ ಮೊಬೈಲ್' ಒಂದು. ಅದು ಎಲೆಯಾಟವಲ್ಲ, ಕಾದಾಟದ ಆಟ. ಆದರೂ ಅದರೊಳಗಿನ ಉಡುಪು, ಬಂದೂಕಿನ ಬಣ್ಣಗಳಿಗೆ ನಮ್ಮ ಹುಡುಗರು ಕೊಟ್ಟಿದ್ದ ಕಾಸು ಇದೇ ಜಾತಿಯದು. ೨೦೨೧ರಲ್ಲಿ ಆಟ ಬೇರೆ ಹೆಸರಿನಿಂದ ಮರಳಿದಾಗ ಹಳೆಯ ಸಾಮಾನನ್ನು ಸಾಗಿಸಿಕೊಳ್ಳಲು ಅವಕಾಶ ದೊರೆಯಿತೆಂಬುದು ನಿಜ. ಆದರೆ ಆ ಅವಕಾಶವನ್ನು ಕೊಡುವುದು, ಬಿಡುವುದು ಕೊಂಡವನ ಕೈಯಲ್ಲಿರಲಿಲ್ಲ. ಇನ್ನೊಂದು ಕತೆ ಎಲೆಯಾಟದ್ದೇ. ೨೦೧೮ರ ನವೆಂಬರಿನಲ್ಲಿ ವಾಲ್ವ್ ಕಂಪನಿ 'ಆರ್ಟಿಫ್ಯಾಕ್ಟ್' ಎಂಬ ಆಟವನ್ನು ಹೊರತಂದಿತು. ಮೇಲೆ ಹೇಳಿದ ಗಾರ್‌ಫೀಲ್ಡರೇ ಅದರ ರಚನೆಗೆ ಕೈಹಾಕಿದ್ದರು. ಪ್ರವೇಶಕ್ಕೇ ಸುಮಾರು ೨೦ ಡಾಲರು. ಎಲೆಗಳಿಗೆ ಮತ್ತೆ ಬೇರೆ ಕಾಸು. ಆಟ ಕುದುರಲಿಲ್ಲ. ೨೦೨೧ರ ಮಾರ್ಚಿನಲ್ಲಿ ಕಂಪನಿ ಕೆಲಸವನ್ನು ನಿಲ್ಲಿಸಿ, ಆಟವನ್ನು ಎಲ್ಲರಿಗೂ ಬಿಟ್ಟಿಯಾಗಿ ತೆರೆದು, ಎಲ್ಲ ಎಲೆಗಳನ್ನೂ ಎಲ್ಲರಿಗೂ ಕೊಟ್ಟುಬಿಟ್ಟಿತು. ಹಣ ಕೊಟ್ಟವರ ಎಲೆಗಳಿಗೆ 'ಸಂಗ್ರಾಹಕರ ಪ್ರತಿ' ಎಂಬ ಬಿರುದು ದೊರೆಯಿತು. ಒಂದೊಂದು ಎಲೆಗೆ ಹಣ ಎಣಿಸಿ ಕೊಟ್ಟಿದ್ದವನು, ನಿನ್ನೆ ಬಂದವನೂ ಅದೇ ಎಲೆಯನ್ನು ಹಿಡಿದು ಎದುರಿಗೆ ಕುಳಿತಿರುವುದನ್ನು ನೋಡಬೇಕಾಯಿತು.

ನಮ್ಮ ಜಿಲ್ಲೆಯ ಹಳಬರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ಗೊತ್ತು. ಮೂಲಗೇಣಿಯವನನ್ನು ಗೇಣಿ ಕೊಡುವ ತನಕ ಒಡೆಯ ಎಬ್ಬಿಸುವಂತಿರಲಿಲ್ಲ. ಚಾಲಗೇಣಿಯವನಾದರೋ ಒಡೆಯನ ಮರ್ಜಿ ಇರುವಷ್ಟು ದಿನ ಉಳುವವನು. ೧೯೭೪ರ ಭೂಸುಧಾರಣೆಯ ತಿದ್ದುಪಡಿಯಿಂದ ನೆಲದ ಮೇಲಿನ ಚಾಲಗೇಣಿ ಹೋಯಿತು. ಈಗ ಗಾಜಿನ ಮೇಲೆ ಅದೇ ಮತ್ತೆ ಬಂದಿದೆ. ಈ ಎಲೆಗಳಲ್ಲಿ ಬಹುಪಾಲನ್ನು ಕೊಂಡವನು ತಮ್ಮನಿಗೆ ದಾನ ಮಾಡಲಾರ, ಸಾಲಕ್ಕೆ ಒತ್ತೆಯಿಡಲಾರ, ಮಗನಿಗೆ ಬಿಟ್ಟುಹೋಗಲಾರ. ಆದರೂ ಗುಂಡಿಯ ಮೇಲೆ 'ಕೊಳ್ಳಿರಿ' ಎಂದೇ ಬರೆದಿರುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ ೨೦೨೪ರಲ್ಲಿ ಒಂದು ಕಾಯಿದೆ ಮಾಡಿ, ಇಂಥ ಪದಾರ್ಥ ಮಾರುವವರು ತಾವು ಕೊಡುವುದು ಬಳಸುವ ಪರವಾನಗಿ ಮಾತ್ರವೆಂಬುದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದೆಂದು ವಿಧಿಸಿತು. ೨೦೨೫ರ ಜನವರಿಯಿಂದ ಅದು ಜಾರಿಗೆ ಬಂದಿತು. ತಾಳಮದ್ದಳೆಯ ಕೂಟಗಳಲ್ಲಿ ಅರ್ಥಧಾರಿಗಳು ಗಂಟೆಗಟ್ಟಲೆ ವಾದಿಸುವ ದ್ರೌಪದಿಯ ಪ್ರಶ್ನೆ ಉಂಟಷ್ಟೆ: ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂತು? ಅಧಿಕಾರವಿಲ್ಲದೆ ಪಣ ಒಡ್ಡುವುದು ಅನ್ಯಾಯವಾದರೆ, ಅಧಿಕಾರವನ್ನು ಬಿಟ್ಟುಕೊಡದೆ ಮಾರಿದೆನೆನ್ನುವುದೂ ಅನ್ಯಾಯವೇ.

ಹೀಗೆಂದ ಮಾತ್ರಕ್ಕೆ ಕೊಳ್ಳಲೇಬಾರದೆಂದು ಆಗುವುದಿಲ್ಲ. ಡೇರೆಯ ಕುರ್ಚಿಯೂ ನಮ್ಮ ಸ್ವಂತದ್ದಲ್ಲ. ಒಂದು ರಾತ್ರಿಯ ಮಟ್ಟಿಗೆ ನಮ್ಮದು. ಬಾಡಿಗೆ ಎಂದು ತಿಳಿದು ಬಾಡಿಗೆಯ ದರವನ್ನು ಕೊಟ್ಟರೆ ಮೋಸವಿಲ್ಲ. ಕೊಳ್ಳುವವನು ತನ್ನನ್ನು ಒಂದೇ ಮಾತು ಕೇಳಿಕೊಳ್ಳಲಿ: ಈ ಆಟ ಬರುವ ತಿಂಗಳು ಮುಚ್ಚಿಹೋದರೆ, ಅಷ್ಟರೊಳಗೆ ಆಡಿದ ಸುಖಕ್ಕೆ ಈ ಹಣ ಸಮವಾಗುವುದೆ? ಆಗುವುದಾದರೆ ಕೊಡಲಿ. "ಇದು ನನ್ನ ಆಸ್ತಿ, ಬೆಳೆಯುತ್ತಿದೆ" ಎಂಬ ಭ್ರಮೆಯಿಂದ ಮಾತ್ರ ಕೊಡದಿರಲಿ.

ಈಗ ಮುಚ್ಚಿದ ಪೊಟ್ಟಣದ ವಿಷಯ. ನಮ್ಮ ಕಡೆ ಬೇಸಗೆಯಲ್ಲಿ ಮಕ್ಕಳು ಗೇರುಬೀಜವಿಟ್ಟು ಆಡುತ್ತಿದ್ದರು. ಸಾಲಾಗಿ ಬೀಜಗಳನ್ನು ಇಟ್ಟು ದೂರದಿಂದ ಇನ್ನೊಂದು ಬೀಜವನ್ನೆಸೆದು ಹೊಡೆಯುವುದು. ಅಲ್ಲಿಯೂ ಸೋಲುಗೆಲವು ಉಂಟು, ಅಳುವುದೂ ಉಂಟು. ಆದರೆ ಒಡ್ಡಿದ್ದು ಎಷ್ಟು, ಗೆದ್ದರೆ ಬರುವುದೆಷ್ಟು ಎಂಬುದು ಕಣ್ಣೆದುರಿಗೇ ಸಾಲಾಗಿ ಕುಳಿತಿರುತ್ತಿತ್ತು. ಹೊಡೆಯುವುದಕ್ಕೆ ಕೈಯ ಗುರಿ ಬೇಕಾಗುತ್ತಿತ್ತು. ಪೊಟ್ಟಣದಲ್ಲಿ ಇವೆರಡೂ ಇಲ್ಲ. ಗುರಿಯೂ ಬೇಡ, ಲೆಕ್ಕವೂ ಕಾಣದು. ಸ್ವಲ್ಪ ಗಣಿತ ಮಾಡಿ ನೋಡೋಣ. ನೂರು ಪೊಟ್ಟಣಕ್ಕೆ ಸರಾಸರಿ ಒಂದರಲ್ಲಿ ಬರುವ ಎಲೆಯನ್ನು ಒಬ್ಬ ಹುಡುಗ ಬಯಸಿದ್ದಾನೆಂದು ಇಟ್ಟುಕೊಳ್ಳಿ. ನೂರು ಪೊಟ್ಟಣ ಒಡೆದರೆ ಅದು ಬಂದೇ ಬರುವುದೆಂದು ಅವನು ನಂಬುತ್ತಾನೆ. ವಾಸ್ತವವಾಗಿ, ಹಾಗೆ ನೂರು ನೂರು ಪೊಟ್ಟಣ ಒಡೆದ ನೂರು ಹುಡುಗರಲ್ಲಿ ಸುಮಾರು ೩೭ ಮಂದಿಗೆ ಆ ಎಲೆ ಸಿಕ್ಕಿರುವುದಿಲ್ಲ. ಇನ್ನೂರು ಒಡೆದರೂ ೧೩ ಮಂದಿ ಬರಿಗೈಯಲ್ಲಿರುತ್ತಾರೆ. ಕೆಲವು ಆಟಗಳು ಇಷ್ಟು ಪೊಟ್ಟಣಗಳೊಳಗೆ ಒಂದು ಅಪೂರ್ವ ಎಲೆ ಖಂಡಿತವೆಂದು ಭರವಸೆ ಕೊಡುತ್ತವೆ. ಹಾರ್ತ್‌ಸ್ಟೋನಿನಲ್ಲಿ ಆ ಮಿತಿ ೪೦. ಆದರೆ ಯಾವುದೋ ಒಂದು ಅಪೂರ್ವ ಎಲೆಗೂ ನಾವು ಬಯಸಿದ ಆ ಒಂದು ಎಲೆಗೂ ಬಹಳ ಅಂತರವಿದೆ.

ಇಲ್ಲಿ ಮಾರಾಟವಾಗುವುದು ಆಸೆ. ಪೊಟ್ಟಣ ಒಡೆಯುವ ಮುಂಚಿನ ಆ ಒಂದು ಕ್ಷಣಕ್ಕೆ ಬೆಲೆ ಕಟ್ಟಿ ಮಾರುತ್ತಾರೆ. ಒಡೆದ ಕೂಡಲೆ ಅದು ಮುಗಿದು ಇನ್ನೊಂದು ಬೇಕಾಗುತ್ತದೆ. ಬಸ್‌ಸ್ಟ್ಯಾಂಡುಗಳಲ್ಲಿ ಸಾಲಾಗಿ ತೂಗುತ್ತಿದ್ದ ಲಾಟರಿ ಚೀಟಿಗಳನ್ನು ನಮ್ಮ ರಾಜ್ಯ ೨೦೦೭ರಲ್ಲಿ ನಿಲ್ಲಿಸಿತು. ಎಲೆಗಳ ಪೂರ್ತಿ ಸೆಟ್ಟನ್ನು ಈ ರೀತಿ ಅದೃಷ್ಟದಿಂದ ಕೂಡಿಸಿದವನಿಗೆ ಬಹುಮಾನವೆಂಬ ಪದ್ಧತಿಯನ್ನು ಜಪಾನು ೨೦೧೨ರಲ್ಲಿ ತಡೆಯಿತು. ಹಣಕ್ಕೆ ಮಾರುವ ಇಂಥ ಅದೃಷ್ಟದ ಪೆಟ್ಟಿಗೆಗಳು ಜೂಜೇ ಎಂದು ಬೆಲ್ಜಿಯಂ ೨೦೧೮ರಲ್ಲಿ ತೀರ್ಮಾನಿಸಿತು. ನಮ್ಮ ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಆನ್‌ಲೈನ್ ಆಟಗಳ ಕಾಯಿದೆಯನ್ನು ಅಂಗೀಕರಿಸಿತು. ಅದರ ಮುಖ್ಯ ಗುರಿ ಹಣ ಹೂಡಿ ಹಣ ಗೆಲ್ಲುವ ಆಟಗಳು. ಎಲೆಯ ಪೊಟ್ಟಣದಿಂದ ಹಣವೇನೂ ಹೊರಬರುವುದಿಲ್ಲವಷ್ಟೆ. ಕಾನೂನು ಕೈ ಚಾಚದ ಇಂಥ ಎಡೆಯಲ್ಲಿಯೇ ಮನುಷ್ಯನ ಸ್ವಂತ ವಿವೇಚನೆಗೆ ಕೆಲಸ. ನನ್ನ ಮಟ್ಟಿಗೆ ಹೇಳುವುದಾದರೆ, ಒಳಗೇನಿದೆ ಎಂದು ತೋರಿಸಿ ಮಾರುವ ಎಲೆಗೆ ಕಾಸು ಕೊಡಬಹುದು; ಮುಚ್ಚಿದ ಪೊಟ್ಟಣಕ್ಕೆ ಕೊಡಬಾರದು, ಅದರಲ್ಲಿಯೂ ಮಕ್ಕಳು ಕೊಡಬಾರದು.

ಇಷ್ಟಾದರೂ ಪ್ರಶ್ನೆಯ ತಿರುಳು ಇನ್ನೂ ಉಳಿದಿದೆ. ಒಮ್ಮೆ ತರಗತಿ ಮುಗಿದ ಮೇಲೆ ಈ ವಿಷಯ ಬಂದಾಗ ವಿದ್ಯಾರ್ಥಿಯೊಬ್ಬ ಹೇಳಿದ ಮಾತು ನನ್ನನ್ನು ಬಹಳ ದಿನ ಕಾಡಿತು. "ಸರ್, ಕೊಳ್ಳದಿದ್ದರೆ ನಾನು ದಿನಾಲೂ ಸೋಲುತ್ತೇನೆ. ಬರೀ ಸೋಲುವುದು ಆಟವೆ? ಆಡುವುದಕ್ಕಾಗಿಯೇ ನಾನು ಕೊಂಡದ್ದು." ಅವನ ತಂದೆ ದೋಣಿಗೆ ಹೋಗುವವರು. ಪಕ್ಕದ ಬೆಂಚಿನ ಅವನ ಗೆಳೆಯನ ತಂದೆ ಹೊರದೇಶದಲ್ಲಿ ಒಳ್ಳೆಯ ನೌಕರಿಯಲ್ಲಿರುವವರು. ಬಿಡುವಿನ ವೇಳೆಯಲ್ಲಿ ಇಬ್ಬರೂ ಎದುರುಬದುರಾಗಿ ಕುಳಿತು ಆಡುತ್ತಿದ್ದರು. ಗೆಳೆಯ ಬೇಕಾದಷ್ಟು ಕೊಂಡ. ಇವನು ಬಸ್ಸಿನ ಕಾಸನ್ನು ಉಳಿಸಿ ಆದಷ್ಟು ಕೊಂಡ. ಆಮೇಲೆ ಅಂತರ ಹೆಚ್ಚಿತು, ಆಟ ನಿಂತಿತು. ಆಟದೊಡನೆ ಒಟ್ಟಿಗೆ ಕುಳಿತುಕೊಳ್ಳುವುದೂ ತಪ್ಪಿತು.

ಈ ಹುಡುಗನ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಎದುರಾಳಿಯ ಕೈಯಲ್ಲಿ ಮೇಲಾದ ಎಲೆಗಳೇ ತುಂಬಿರುವಾಗ ಜಾಣತನಕ್ಕೆ ಎಡೆಯೆಲ್ಲಿ? ಆದರೆ ಅವನ ಮಾತನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು ನೋಡಿ. ಇಬ್ಬರೂ ಕೊಂಡರೆ ಇಬ್ಬರೂ ಮೊದಲಿನ ಸ್ಥಿತಿಯಲ್ಲೇ ಇರುತ್ತಾರೆ. ನಡುವೆ ಹಣ ಮಾತ್ರ ಹೋಗಿರುತ್ತದೆ. ಒಬ್ಬನೇ ಕೊಂಡರೆ ಕೊಂಡವನು ಗೆಲ್ಲುತ್ತಾನೆ. ಆದರೆ ಆ ಗೆಲವು ಅವನ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಅವನ ತಂದೆಯ ಸಂಬಳದ ವಿಷಯದಲ್ಲಿ ಹೇಳೀತು, ಅಷ್ಟೆ. ಆಡಬೇಕೆಂಬ ಆಸೆಯಿಂದ ಹೊರಟವನು ಆಡುವ ಅಗತ್ಯವನ್ನೇ ಹಣ ಕೊಟ್ಟು ತಪ್ಪಿಸಿಕೊಂಡಂತಾಯಿತು. ಊಟದ ರುಚಿಗಾಗಿ ಹೋದವನು, ತನ್ನ ಪರವಾಗಿ ಉಣ್ಣಲು ಒಬ್ಬ ಆಳನ್ನು ಗೊತ್ತುಮಾಡಿದ ಹಾಗೆ.

ಯಕ್ಷಗಾನದಲ್ಲಿ ಕರ್ಣ ಸಾಯುತ್ತಾನೆಂಬುದು ಡೇರೆಯ ಬಾಗಿಲಲ್ಲಿ ಕಡಲೆ ಮಾರುವವನಿಗೂ ಗೊತ್ತು. ಆದರೂ ಕರ್ಣನ ವೇಷಕ್ಕೆ ಬೇಡಿಕೆ ಕಡಮೆಯಾಗಿಲ್ಲ. ಗೆಲ್ಲುವವನು ಯಾರೆಂಬುದಕ್ಕಾಗಿ ಅಲ್ಲಿ ಯಾರೂ ನಿದ್ದೆಗೆಡುವುದಿಲ್ಲ. ಆಟಕ್ಕೆ ನಾವು ಕೊಡುವ ಹಣ ಆಟವನ್ನು ಹೆಚ್ಚಿಸಬೇಕು: ಹೊಸ ರೀತಿಯಲ್ಲಿ ಆಡುವ ಅವಕಾಶ, ಹೊಸ ಕಟ್ಟನ್ನು ಹೆಣೆಯುವ ಚಾತುರ್ಯ, ಹೊಸ ಗೆಳೆಯ. ಬರಿಯ ಅಂದಕ್ಕಾಗಿ, ಶಕ್ತಿಯನ್ನೇನೂ ಹೆಚ್ಚಿಸದ ಒಂದು ಚಿತ್ರದ ಎಲೆಯನ್ನು ಕೊಂಡರೂ ತಪ್ಪೆನ್ನಲಾರೆ. ವೇಷದ ಚೆಂದಕ್ಕೆ ಒಲಿದು ಕಲಾವಿದನಿಗೆ ಹತ್ತು ರೂಪಾಯಿ ಪಿನ್ನು ಮಾಡಿ ಬಂದಂತೆ ಅದು. ಗೆಲವನ್ನು ಕೊಂಡರೆ ಮಾತ್ರ ಕೊಂಡವನೂ ಕಳೆದುಕೊಳ್ಳುತ್ತಾನೆ, ಎದುರಿಗೆ ಕುಳಿತವನೂ ಕಳೆದುಕೊಳ್ಳುತ್ತಾನೆ. "ನನ್ನ ದುಡ್ಡು, ನನ್ನ ಸಂತೋಷ" ಎಂಬ ಕಿರಿಯರ ಮಾತು ಸೋಲುವುದು ಇಲ್ಲಿ. ಆಟಕ್ಕೆ ಯಾವಾಗಲೂ ಇಬ್ಬರು ಬೇಕು. ಆದಕಾರಣ ಅದರಲ್ಲಿ ಕೇವಲ ನನ್ನದೆಂಬ ಸಂತೋಷವಿಲ್ಲ. ಜಮಖಾನೆಯ ಮೇಲೆ ಒಡೆಯನಿಗೂ ಒಕ್ಕಲಿಗೂ ಸಮನಾಗಿ ಎಲೆ ಬೀಳುತ್ತಿದ್ದುದು ಸಣ್ಣ ಸಂಗತಿಯಲ್ಲ. ಹೊರಗಿನ ಹೆಚ್ಚುಕಡಮೆಗಳನ್ನು ಒಂದು ಗಂಟೆಯ ಮಟ್ಟಿಗೆ ಬಾಗಿಲಾಚೆ ಬಿಟ್ಟು ಬರುವ ಜಾಗ ಅದಾಗಿತ್ತು. ಆ ಜಾಗಕ್ಕೂ ಸಂತೆ ಬಂದು ಕುಳಿತರೆ ಮಕ್ಕಳು ಸಮಾನರಾಗಿ ಎಲ್ಲಿ ಕೂಡಬೇಕು?

ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಎಲ್ಲರೂ ಡೇರೆಯ ಹೊರಗೆ ನಿಂತು ಚಂಡೆಯ ಸದ್ದು ಕೇಳಿ ಮನೆಗೆ ಹೋದರೆ ಮೇಳ ಉಳಿಯುವುದಿಲ್ಲ. ಎಲೆಯ ಚಿತ್ರ ಬರೆದವನಿಗೆ, ನಿಯಮ ಹೆಣೆದವನಿಗೆ ಕೂಲಿ ಸಲ್ಲಬೇಕು. ಆದರೆ ಈ ಆಟಗಳ ಆದಾಯ ಬರುವ ಬಗೆ ವಿಚಿತ್ರವಾದದ್ದು. ಆಡುವವರಲ್ಲಿ ಹೆಚ್ಚಿನವರು ಏನನ್ನೂ ಕೊಡುವುದಿಲ್ಲ; ಕೆಲವೇ ಮಂದಿ ಅಳತೆಮೀರಿ ಸುರಿಯುತ್ತಾರೆ. ಇಂಥವರನ್ನು ಆ ವ್ಯಾಪಾರದವರು ತಮ್ಮ ಪರಿಭಾಷೆಯಲ್ಲಿ 'ತಿಮಿಂಗಿಲ' ಎನ್ನುತ್ತಾರೆ. ಕಡಲ ದಂಡೆಯ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮನ್ನು ಯಾರಾದರೂ ಮೀನೆಂದು ಕರೆದರೆ ಅವರ ಕೈಯಲ್ಲಿ ಬಲೆ ಇದೆಯೆಂದೇ ಅರ್ಥ. ಎಲ್ಲರೂ ಟಿಕೀಟಿನಷ್ಟು, ಟಿಕೀಟಿನಷ್ಟು ಮಾತ್ರ ಕೊಡುವ ಆಟವೇ ಗೌರವದ ಆಟ. ಅಂಥ ಆಟವಾದರೆ ಬಿಟ್ಟಿಯಾಗಿ ಆಡುತ್ತಿರುವವನೂ ಒಂದಿಷ್ಟು ಕೊಡುವುದು ಧರ್ಮವೆಂದೇ ನಾನೆನ್ನುತ್ತೇನೆ.

ಹಾಗಾದರೆ ತಂದೆತಾಯಿಗಳು ಏನು ಹೇಳಬೇಕು? "ಇಲ್ಲದ ವಸ್ತುವಿಗೆ ದುಡ್ಡೇಕೆ" ಎಂದು ಗದರಿದರೆ ಮಗ ಒಳಗೊಳಗೇ ನಕ್ಕಾನು. ನಾವು ಸಿನಿಮಾಕ್ಕೆ ಕೊಟ್ಟ ದುಡ್ಡಿನ ಲೆಕ್ಕ ಅವನಿಗೂ ಗೊತ್ತು. ಅದರ ಬದಲು ಪಕ್ಕದಲ್ಲಿ ಕುಳಿತು ಕೇಳಬೇಕು: ಕೊಳ್ಳುವ ಮೊದಲು ಒಳಗೇನಿದೆಯೆಂದು ನಿನಗೆ ಗೊತ್ತಿತ್ತೆ? ನಾಳೆ ಆಟ ಮುಚ್ಚಿದರೆ ನಿನಗೆ ನಷ್ಟವೆನಿಸುವುದೆ? ಈ ಎಲೆ ಬಂದಮೇಲೆ ನಿನ್ನ ಗೆಳೆಯ ನಿನ್ನೊಡನೆ ಹೆಚ್ಚು ಹೊತ್ತು ಆಡುತ್ತಾನೆಯೆ, ಕಡಮೆ ಹೊತ್ತು ಆಡುತ್ತಾನೆಯೆ? ಮೂರನೆಯ ಪ್ರಶ್ನೆಗೆ ಅವನು ಕೊಡುವ ಉತ್ತರವೇ ಆ ಎಲೆಯ ನಿಜವಾದ ಬೆಲೆ. ಆಟ ಮುಗಿದಾಗ ಕೈ ಬರಿದಾಗುವುದು ಎಲ್ಲ ಆಟಗಳಲ್ಲಿಯೂ ಇದ್ದದ್ದೇ. ಅದಕ್ಕಾಗಿ ಯಾರೂ ದುಃಖಿಸಬೇಕಾಗಿಲ್ಲ. ಎದುರಿನ ಮಣೆ ಬರಿದಾಗದಂತೆ ನೋಡಿಕೊಂಡರೆ ಸಾಕು.